ಹುಡುಗ ಸೌಂಡ್ ಓದುತ್ತಿದ್ದಾನೆ

ಮೊನ್ನೆ ಕುವೆಂಪುನಗರದಲ್ಲೊಂದು ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವರು ನಮ್ಮಕ್ಕನ ಕಡೆಯ ದೂರದ ಬೀಗರು. ಚಿತ್ರಾನ್ನ ಮುಗಿದು ಹುಳಿ ಬರುವಷ್ಟರಲ್ಲಿ ಅವರು ನೆಂಟರಿಷ್ಟರ ಹಾಜರಿ ತೆಗೆದುಕೊಳ್ಳಲು ಶುರುಮಾಡಿದರು. ಇವರ ಮಗ ಏನು ಓದುತ್ತಿದ್ದಾನೆ, ಅವರ ಸೊಸೆಗೆ ಎಲ್ಲಿ ಕೆಲಸ, ಇನ್ನೊಬ್ಬರ ಅಳಿಯ ಕೆಲಸ ಬಿಟ್ಟನಂತೆ ಹೌದೇ. ಗೊತ್ತಿದ್ದಷ್ಟಕ್ಕೆ ಪಟಪಟನೆ ಉತ್ತರ ಕೊಟ್ಟೆ. "ನಿಮ್ಮಕ್ಕನ ಮೊಮ್ಮಗ? ಅಮೆರಿಕದಲ್ಲಿರೋನು?" ಅಂದರು. ನನ್ನ ಬಾಯಲ್ಲಿ ಹಪ್ಪಳವಿತ್ತು. "ಸೌಂಡ್ ಓದ್ತಿದ್ದಾನೆ" ಅಂದುಬಿಟ್ಟೆ.

ಅವರು ಒಂದು ತುತ್ತು ನುಂಗಿ ಯೋಚಿಸಿದರು. "ಒಳ್ಳೇದೇ ಬಿಡಿ. ಈಗ ಅದಕ್ಕೂ ಡಿಮ್ಯಾಂಡ್ ಇದೆ. ನಮ್ಮ ಮೊಮ್ಮಗನ ಉಪನಯನ ವೈಶಾಖದಲ್ಲಿ. ಇಲ್ಲಿ ಆ ಹುಡುಗನಿಗೆ ಪರಿಚಯದವರು ಯಾರಾದ್ರೂ ಇದ್ರೆ ಹೇಳಿ. ಎರಡು ಬಾಕ್ಸು, ಒಂದು ಮೈಕು ಸಾಕು."

ಅಯ್ಯೋ, ಹಾಗಲ್ಲ ಸ್ವಾಮಿ, ಅವನು ಸದ್ದಿನ ಬಗ್ಗೆ ಡಿಗ್ರಿ ಮಾಡುತ್ತಿದ್ದಾನೆ, ಆ ಡಿಗ್ರಿಯನ್ನೂ ಅವನೇ ಮಾಡಿಕೊಂಡಿದ್ದಾನೆ ಎಂದು ಬಿಡಿಸಿ ಹೇಳಲು ಹೋದೆ. ಪರಿಸ್ಥಿತಿ ಇನ್ನೂ ಕೆಟ್ಟಿತು. ಡಿಗ್ರಿಯನ್ನು ತಾನೇ ಮಾಡಿಕೊಳ್ಳುವವರ ಸುದ್ದಿ ಪೇಪರಿನಲ್ಲಿ ಬರುವುದು ಪೊಲೀಸರು ಹಿಡಿದಾಗ ಮಾತ್ರ. ಅವರ ದನಿ ತಗ್ಗಿತು. "ಅಲ್ಲಿ ಅದೆಲ್ಲಾ ನಡೆಯುತ್ತಾ?" ಎಂದು ಆಚೀಚೆ ನೋಡಿದರು. ಪಾಯಸ ಬಂದು ನನ್ನ ಮಾನ ಉಳಿಸಿತು.

ನಡೆಯುತ್ತದೆ ಮಾರಾಯರೆ. ಅದೂ ಕಾನೂನುಬದ್ಧವಾಗಿ, ಸಹಿ ಸೀಲು ಸಮೇತ. ಅಕ್ಕನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮಗ ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ. ಒಂದು ದಿನ ಫೋನಿನಲ್ಲಿ, "ತಾತ, ಇಲ್ಲಿರೋ ಮೇಜರ್‌ಗಳು ಯಾವುದೂ ನನಗೆ ಸರಿಹೋಗ್ತಿಲ್ಲ. ನಾನೇ ಒಂದು ಡಿಸೈನ್ ಮಾಡ್ತಿದ್ದೀನಿ" ಅಂದ. ಫಿಸಿಕ್ಸಿನಿಂದ ಒಂದಿಷ್ಟು, ಸಂಗೀತದಿಂದ ಒಂದಿಷ್ಟು, ಭಾಷಾಶಾಸ್ತ್ರ, ನಗರ ಯೋಜನೆ, ಸ್ವಲ್ಪ ಕಾನೂನು. ಎಲ್ಲಾ ಸೇರಿಸಿದರೆ ಸದ್ದು. ಅಕ್ಕ ಹಿಂದಿನಿಂದ ಕೂಗಿದಳು: "ಸದ್ದು ಮಾಡೋದಕ್ಕೂ ಓದಬೇಕೇನೋ ಪುಟ್ಟ? ಎದುರುಮನೆಯೋನು ಪುಕ್ಕಟೆ ಮಾಡ್ತಾನಲ್ಲೋ!"

ಈ ಸ್ವಂತ ಡಿಗ್ರಿಯ ವ್ಯವಹಾರ ನಾವು ಅಂದುಕೊಂಡಷ್ಟು ಸಸಾರವಲ್ಲ. ಮೊದಲು ಒಬ್ಬ ಪ್ರಾಧ್ಯಾಪಕರನ್ನು ಹಿಡಿದು ಮಾರ್ಗದರ್ಶಕರಾಗಲು ಒಪ್ಪಿಸಬೇಕು. ಆಮೇಲೆ ಅರ್ಜಿ ಬರೆಯಬೇಕು. ಯಾವ ಯಾವ ವಿಭಾಗದಲ್ಲಿ ಯಾವ ಕೋರ್ಸು, ಯಾವ ಸೆಮಿಸ್ಟರಿನಲ್ಲಿ, ಯಾವುದರ ಮೇಲೆ ಯಾವುದು ನಿಲ್ಲುತ್ತದೆ, ಕೊನೆಗೆ ಏನು ಪ್ರಬಂಧ ಅಥವಾ ಪ್ರಾಜೆಕ್ಟು, ಎಲ್ಲವೂ ಅದರಲ್ಲಿರಬೇಕು. ಅಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಸ್ವಂತ ಡಿಗ್ರಿಯವನಿಗೆ ಅದರಲ್ಲಿ ರಿಯಾಯಿತಿ ಇಲ್ಲ. ಅರ್ಜಿಯಲ್ಲಿ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಒಂದಿರುತ್ತದೆ: ಈಗಿರುವ ಮೇಜರ್‌ಗಳಲ್ಲಿ ಒಂದನ್ನೋ ಎರಡನ್ನೋ ತೆಗೆದುಕೊಂಡು ನೀನು ಇದನ್ನು ಯಾಕೆ ಓದಲಾಗದು? ಇದಕ್ಕೆ ಉತ್ತರಿಸಿ, ಸಮಿತಿಯ ಮುಂದೆ ಕೂತು, ಅವರು ತಲೆಯಾಡಿಸಿದ ಮೇಲೆ ಡಿಗ್ರಿ ಹುಟ್ಟುತ್ತದೆ. ಅರ್ಜಿ ತಿರಸ್ಕೃತವಾಗುವುದೂ ಉಂಟು.

ನನ್ನ ಡಿಗ್ರಿಗೆ ಇಷ್ಟೆಲ್ಲ ರಗಳೆ ಇರಲಿಲ್ಲ. ಕಾಲೇಜಿನಲ್ಲಿ ಅಡ್ಮಿಷನ್ ದಿನ ಎರಡು ಸಾಲಿದ್ದವು. ಎಚ್‌ಇಪಿ ಸಾಲು ಚಿಕ್ಕದಿತ್ತು, ಮೇಲಾಗಿ ನೆರಳಿನಲ್ಲಿತ್ತು. ಹೀಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳು ನನ್ನ ಪಾಲಿಗೆ ಬಂದವು. ಆ ಮೂರಕ್ಕೂ ತಮ್ಮತಮ್ಮಲ್ಲಿ ಮಾತುಕತೆ ಇದೆಯೆಂದು ಮೂರು ವರ್ಷದಲ್ಲಿ ಯಾರೂ ನನಗೆ ಹೇಳಲಿಲ್ಲ. ಇತಿಹಾಸದ ಮೇಷ್ಟ್ರು ಕಂದಾಯ ಪದ್ಧತಿ ಮುಟ್ಟಿದರೆ "ಅದನ್ನ ಎಕನಾಮಿಕ್ಸ್‌ನವರು ನೋಡ್ಕೋತಾರೆ" ಅನ್ನುತ್ತಿದ್ದರು. ಎಕನಾಮಿಕ್ಸ್‌ನವರು "ಅದು ಹಿಸ್ಟರಿ ಪೋರ್ಷನ್" ಅನ್ನುತ್ತಿದ್ದರು. ಪೂರ್ಣಯ್ಯನವರ ಕಂದಾಯ ನಮ್ಮ ಪಾಲಿಗೆ ಮಧ್ಯದಲ್ಲೆಲ್ಲೋ ಬಿದ್ದುಹೋಯಿತು.

ಆಮೇಲೆ ವಿಧಿ ನೋಡಿ, ನಾನು ಅಂಥದೇ ಒಂದು ಕೌಂಟರಿನ ಒಳಗಡೆ ಕೂತೆ. ನೌಕರಿಯ ಬಹುಕಾಲ ಕಾಲೇಜಿನ ಅಡ್ಮಿಷನ್ ಸೆಕ್ಷನ್ನಿನಲ್ಲೇ ಸವೆಯಿತು. ಪಿಸಿಎಂ, ಸಿಬಿಝಡ್, ಎಚ್‌ಇಪಿ, ಎಚ್‌ಇಎಸ್. ಮಕ್ಕಳ ಭವಿಷ್ಯವೆಲ್ಲ ನನಗೆ ಮೂರು ಮೂರಕ್ಷರಗಳಲ್ಲಿ ಕಾಣಿಸುತ್ತಿತ್ತು. ಹೀರೋ ಹೋಂಡಾದವರು ಸಿಬಿಝಡ್ ಅಂತ ಬೈಕು ಬಿಟ್ಟ ಕಾಲದಲ್ಲಿ ಒಬ್ಬ ಹುಡುಗ ಬಂದು "ಸಿಬಿಝಡ್ ಬೇಕು ಸಾರ್" ಅಂದ. ಹಿಂದೆ ನಿಂತಿದ್ದ ಅವನಪ್ಪ "ಮೊದಲು ಪಾಸ್ ಮಾಡು, ಆಮೇಲೆ ನೋಡೋಣ" ಅಂತ ಗದರಿದರು. ಅವರಿಗೆ ಕೆಮಿಸ್ಟ್ರಿ, ಬಾಟನಿ, ಝೂವಾಲಜಿ ಎಂದು ಬಿಡಿಸಿ ಹೇಳಿದ ಮೇಲೆ ಮುಖದಲ್ಲಿ ನೆಮ್ಮದಿ ಬಂತು. ಹುಡುಗನ ಮುಖ ಮಾತ್ರ ಇಳಿದೇ ಇತ್ತು. ಅವನು ಕೇಳಿದ್ದು ಯಾವುದೋ, ನನಗೆ ಇವತ್ತಿಗೂ ಸಂಶಯ.

ಫಿಸಿಕ್ಸ್ ಜೊತೆಗೆ ಐಚ್ಛಿಕ ಕನ್ನಡ ಬೇಕೆಂದು ಕೇಳಿದವಳೂ ಇದ್ದಳು. ನಿಯಮದ ಪುಸ್ತಕ ಹುಡುಕಿದೆವು. ಬೇಡ ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೆ ಸೋಮವಾರ ಎರಡನೇ ಪೀರಿಯಡ್ಡಿನಲ್ಲಿ ಲ್ಯಾಬೂ ಪಂಪನೂ ಒಟ್ಟಿಗೆ ಬರುತ್ತಿದ್ದರು. ಪಂಪ ಬಿಟ್ಟುಕೊಟ್ಟ. ನಮ್ಮ ಕಡೆ ವಿದ್ಯಾರ್ಥಿ ಏನು ಓದಬೇಕೆಂದು ನಿರ್ಧರಿಸುವವರು ಕುಲಪತಿಗಳು, ಸೆನೆಟ್ಟು, ಸಿಂಡಿಕೇಟು ಎಂದು ನೀವು ತಿಳಿದಿದ್ದರೆ ತಪ್ಪು. ಟೈಮ್ ಟೇಬಲ್ಲು.

ಅಮೆರಿಕದವರಿಗೂ ಸ್ವಂತ ಡಿಗ್ರಿಯ ಬುದ್ಧಿ ಒಂದೇ ದಿನ ಬಂದದ್ದಲ್ಲ. 1869ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷಗಿರಿಗೆ ಬಂದ ಚಾರ್ಲ್ಸ್ ಎಲಿಯಟ್ ಎಂಬಾತ, ಎಲ್ಲರೂ ಒಂದೇ ಲ್ಯಾಟಿನ್-ಗ್ರೀಕ್ ಉರು ಹೊಡೆಯುವ ಪದ್ಧತಿ ಸಡಿಲಿಸಿ, ಹುಡುಗರೇ ಕೋರ್ಸು ಆರಿಸಿಕೊಳ್ಳಲಿ ಎಂದು ಹಠ ಹಿಡಿದ. ಆಮೇಲೆ ನೂರು ವರ್ಷಕ್ಕೆ, ಹುಡುಗರು ಎಲ್ಲದಕ್ಕೂ ಎದುರು ನಿಂತ ಕಾಲದಲ್ಲಿ, ಬ್ರೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಗುಂಪು ಕೂತು ಪಠ್ಯಕ್ರಮದ ಮೇಲೆ ದೊಡ್ಡದೊಂದು ವರದಿಯನ್ನೇ ಬರೆದರು. ಘೋಷಣೆ ಕೂಗುವ ವಯಸ್ಸಿನಲ್ಲಿ ವರದಿ ಬರೆಯುವ ಹುಡುಗರನ್ನು ನಾನು ನೋಡಿಲ್ಲ. 1969ರಲ್ಲಿ ವಿಶ್ವವಿದ್ಯಾಲಯ ಅದಕ್ಕೆ ಮಣಿದು, ಎಲ್ಲರೂ ಓದಲೇಬೇಕಾದ ಸಾಮಾನ್ಯ ವಿಷಯಗಳ ಪಟ್ಟಿಯನ್ನು ಕಿತ್ತುಹಾಕಿತು. ಮರುವರ್ಷ ಮ್ಯಾಸಚೂಸೆಟ್ಸ್‌ನಲ್ಲಿ ಹ್ಯಾಂಪ್‌ಶೈರ್ ಕಾಲೇಜು ಬಾಗಿಲು ತೆರೆಯಿತು. ಅಲ್ಲಿ ಅಂಕವೂ ಇರಲಿಲ್ಲ, ಗ್ರೇಡೂ ಇರಲಿಲ್ಲ. ಮೇಷ್ಟ್ರು ಪ್ರತಿಯೊಬ್ಬನ ಬಗ್ಗೆಯೂ ಕೂತು ಬರೆಯಬೇಕಿತ್ತು. ಸಾಕ್ಷ್ಯಚಿತ್ರಗಳ ಕೆನ್ ಬರ್ನ್ಸ್ ಅಲ್ಲಿ ಓದಿದವರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಶುರುವಾಗಿ ಈಗ ಗ್ಯಾಲಟಿನ್ ಸ್ಕೂಲ್ ಎನಿಸಿಕೊಂಡಿರುವಲ್ಲಿ ಎಲ್ಲರದೂ ಸ್ವಂತ ಡಿಗ್ರಿಯೇ. ಎರಡನೇ ವರ್ಷ ಪ್ರತಿಯೊಬ್ಬರೂ ತಮ್ಮ ಬುದ್ಧಿಯ ಆತ್ಮಕಥೆಯೊಂದನ್ನು ಬರೆದುಕೊಡಬೇಕು. ಕೊನೆಗೆ ಇಪ್ಪತ್ತು ಇಪ್ಪತ್ತೈದು ಪುಸ್ತಕಗಳ ಪಟ್ಟಿ ಹಿಡಿದು ಮೂವರು ಅಧ್ಯಾಪಕರ ಎದುರು ಕೂತು ಮಾತಾಡಬೇಕು. ಹತ್ತೊಂಬತ್ತನೇ ವಯಸ್ಸಿನಲ್ಲಿ ನನ್ನ ಬುದ್ಧಿಯ ಆತ್ಮಕಥೆ ಕೇಳಿದ್ದರೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಮುಗಿಯುತ್ತಿತ್ತು, ವಿಳಾಸದ ಜಾಗ ಬಿಟ್ಟು.

ಸ್ವಾತಂತ್ರ್ಯ ಕೊಟ್ಟಮೇಲೆ ವಿಚಿತ್ರಗಳೂ ಬರುತ್ತವೆ. ಬರ್ಕ್ಲಿಯಲ್ಲಿ ಐಸಾಕ್ ಬೋನ್‌ವಿಟ್ಸ್ ಎಂಬಾತ 1970ರಲ್ಲಿ ಮಂತ್ರವಿದ್ಯೆಯಲ್ಲಿ ಬಿಎ ಪಡೆದ. ಹೌದು, ಮಾಟ-ಮಂತ್ರದ್ದೇ. ನಮ್ಮಲ್ಲಿ ಈ ಕಸುಬಿನವರು ಸರ್ಟಿಫಿಕೇಟಿನ ಗೊಡವೆಯಿಲ್ಲದೆ ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಫೋನ್ ನಂಬರು ಅಂಟಿಸಿಕೊಂಡು ಬದುಕುತ್ತಿದ್ದಾರೆ. ನನ್ನ ಮೆಚ್ಚಿನವನು ಮಾತ್ರ ವಿಲ್ ಶಾರ್ಟ್ಜ್. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಸ್ವಂತ ಮೇಜರ್ ಹೆಣೆದುಕೊಂಡು 1974ರಲ್ಲಿ ಒಗಟುಶಾಸ್ತ್ರದಲ್ಲಿ ಪದವಿ ಪಡೆದ. ಒಗಟು, ಪದಬಂಧ, ಗಣಿತದ ಸಮಸ್ಯೆ, ಅವುಗಳ ಹಿಂದಿನ ಮನಶ್ಶಾಸ್ತ್ರ, ಇತಿಹಾಸ. ಆ ವಿದ್ಯೆಯಲ್ಲಿ ಡಿಗ್ರಿ ಇರುವ ಮನುಷ್ಯ ಲೋಕದಲ್ಲಿ ಅವನೊಬ್ಬನೇ ಎಂದು ಹೆಸರು. ಆಮೇಲೆ ಭದ್ರತೆಗಿರಲಿ ಎಂದು ವರ್ಜೀನಿಯಾದಲ್ಲಿ ಲಾ ಓದಿದ. ಅಲ್ಲೂ ಅಪ್ಪ-ಅಮ್ಮಂದಿರು ನಮ್ಮವರೇ ಅಲ್ಲವೇ ಎಂದು ನನಗೆ ಅನ್ನಿಸುತ್ತದೆ. ಲಾ ಮುಗಿಸಿ ವಕೀಲಿಕೆಗೆ ಕೈಮುಗಿದು ಒಗಟಿಗೇ ವಾಪಸಾದ. 1993ರಿಂದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪದಬಂಧದ ಸಂಪಾದಕ.

ನಾನೂ ಪದಬಂಧದ ಗಿರಾಕಿಯೇ. ಬೆಳಗಿನ ಕಾಫಿಯ ಜೊತೆ ಪೆನ್ಸಿಲ್ ಹಿಡಿದು ಕೂತರೆ ಮನೆಯಲ್ಲಿ ಯಾರೂ ಮಾತಾಡಿಸುವ ಹಾಗಿಲ್ಲ. ಇಷ್ಟಾಗಿಯೂ 'ಬಲದಿಂದ ಎಡಕ್ಕೆ' ಸುಳಿವುಗಳಲ್ಲಿ ಎಡವುತ್ತೇನೆ, ಅಕ್ಕ ಒಗ್ಗರಣೆ ಹಾಕುತ್ತಲೇ ಉತ್ತರ ಹೇಳುತ್ತಾಳೆ. ಅವಳು ಓದಿದ್ದು ಎಸ್ಸೆಸ್ಸೆಲ್ಸಿ.

ಇಷ್ಟು ಕೇಳಿ ನಾನು ಸ್ವಂತ ಡಿಗ್ರಿಯ ಪಕ್ಷಪಾತಿ ಅಂದುಕೊಳ್ಳಬೇಡಿ. ಒಂದು ಅಳುಕು ಇದ್ದೇ ಇತ್ತು. ಶಾಲೆ ಶುರುವಾಗುವಾಗ ಅಪ್ಪ ನನ್ನನ್ನು ಟೈಲರ್ ಹತ್ತಿರ ಕರೆದುಕೊಂಡು ಹೋಗಿ, ಅಳತೆ ಎಲ್ಲ ಆದಮೇಲೆ, "ಬೆಳೆಯೋ ಹುಡುಗ, ಎರಡಿಂಚು ಬಿಟ್ಟು ಹೊಲಿ" ಅನ್ನುತ್ತಿದ್ದರು. ಆ ವರ್ಷವೆಲ್ಲ ಚಡ್ಡಿ ಮೊಣಕಾಲ ಕೆಳಗೆ. ಗೆಳೆಯರ ನಗು. ಮರುವರ್ಷ ಒಳಮಡಿಕೆ ಬಿಚ್ಚಿದರೆ ಸರಿಯಾಗಿ ಕೂರುತ್ತಿತ್ತು. ಹತ್ತೊಂಬತ್ತರ ಹುಡುಗ ಹತ್ತೊಂಬತ್ತರ ಅಳತೆಗೇ ಬಿಗಿಯಾಗಿ ಹೊಲಿಸಿಕೊಂಡ ಡಿಗ್ರಿ ಇಪ್ಪತ್ತೈದಕ್ಕೆ ಹೊಲಿಗೆ ಬಿಟ್ಟರೆ? ಇವತ್ತು ಇಷ್ಟವಿಲ್ಲ ಎಂದು ಅವನು ಬಿಟ್ಟ ವಿಷಯವೇ ನಾಳೆ ಬೇಕಾದರೆ? ಎಚ್‌ಇಪಿ ನನಗೆ ದೊಗಳೆಯಾಗಿತ್ತು, ನಿಜ; ಆದರೆ ಎಲ್ಲೂ ಹರಿಯಲಿಲ್ಲ.

ನಮ್ಮಲ್ಲೂ ಒಂದು ಪ್ರಯತ್ನ ನಡೆದದ್ದು ನಿಮಗೆ ನೆನಪಿರಬಹುದು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದ ಮೊದಲ ರಾಜ್ಯ ಕರ್ನಾಟಕ. ನಾಲ್ಕು ವರ್ಷದ ಡಿಗ್ರಿ, ಎರಡು ಮುಖ್ಯ ವಿಷಯ, ಅದರ ಜೊತೆ ಓಪನ್ ಎಲೆಕ್ಟಿವ್. ಬಿಕಾಂನವನು ಸಾಹಿತ್ಯ ಓದಬಹುದು, ಬಿಎಯವಳು ಆಹಾರ ವಿಜ್ಞಾನ ಓದಬಹುದು ಅಂತ. ಕೇಳಲು ಸೊಗಸಾಗಿತ್ತು. ನಾನು ಅಷ್ಟರಲ್ಲಿ ನಿವೃತ್ತ. ಹಳೇ ಸಹೋದ್ಯೋಗಿಗಳು ವಾಕಿಂಗ್‌ನಲ್ಲಿ ಸಿಕ್ಕಿ ಹೇಳಿದ್ದು ಬೇರೆ ಕತೆ. ಯಾವ ಮೇಷ್ಟ್ರಿಗೆ ವರ್ಕ್‌ಲೋಡ್ ಕಮ್ಮಿ ಇದೆಯೋ ಅವರ ವಿಷಯವೇ ಓಪನ್ ಎಲೆಕ್ಟಿವ್. ಹುಡುಗರು ಆರಿಸುತ್ತಿದ್ದದ್ದು ಗೆಳೆಯ ಯಾವುದು ತೆಗೆದುಕೊಂಡನೋ ಅದು, ಇಲ್ಲವೇ ಮಧ್ಯಾಹ್ನದ ಬಸ್ಸಿಗೆ ಮುಂಚೆ ಮುಗಿಯುವಂಥದ್ದು. ಮತ್ತೆ ಟೈಮ್ ಟೇಬಲ್ಲೇ ಗೆದ್ದಿತು. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಹಿಂತಿರುಗಿತು. ಯಾವುದು ಸರಿ ಎಂದು ಪಂಡಿತರು ಜಗಳವಾಡಲಿ. ಕೌಂಟರಿನ ಒಳಗಿದ್ದವನಾಗಿ ನನಗೆ ಕಂಡದ್ದು ಇಷ್ಟು: ಆರಿಸು ಅಂತ ಮಕ್ಕಳಿಗೆ ಹೇಳಿದೆವು, ಆರಿಸಿದ ಮೇಲೆ ಎದುರು ಕೂತು 'ಇದನ್ನೇ ಯಾಕೆ ಆರಿಸಿದೆಯಪ್ಪಾ' ಅಂತ ಕೇಳಲು ಒಬ್ಬರನ್ನೂ ನೇಮಿಸಲಿಲ್ಲ.

ಹಾಗಂತ ಸ್ವಂತ ಡಿಗ್ರಿ ಮಾಡಿಕೊಂಡವರು ನಮ್ಮಲ್ಲಿ ಇಲ್ಲದಿಲ್ಲ. ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟು ಎದ್ದುಬಂದವರು. ಆಮೇಲೆ ಅವರು ತಮಗೆ ತಾವೇ ವಿಧಿಸಿಕೊಂಡ ಸಿಲೆಬಸ್ ನೋಡಿ: ಕಾದಂಬರಿ, ಯಕ್ಷಗಾನ, ಮೂಕಿ ಚಿತ್ರ, ಮಕ್ಕಳಿಗೆ 'ಬಾಲ ಪ್ರಪಂಚ', ದೊಡ್ಡವರಿಗೆ ನಾಲ್ಕು ಸಂಪುಟ 'ವಿಜ್ಞಾನ ಪ್ರಪಂಚ', ಕೈಗಾ ವಿರುದ್ಧ ಹೋರಾಟ, ಎಂಬತ್ತು ದಾಟಿದ ಮೇಲೆ ಲೋಕಸಭೆ ಚುನಾವಣೆ. ನನ್ನ ಕೌಂಟರಿಗೆ ಅವರು ಬಂದಿದ್ದರೆ ಯಾವ ಮೂರಕ್ಷರದಲ್ಲಿ ಕೂರಿಸುತ್ತಿದ್ದೆನೋ! ಬಿ.ಜಿ.ಎಲ್. ಸ್ವಾಮಿಯವರದು ಇನ್ನೊಂದು ರೀತಿ. ಸಸ್ಯಶಾಸ್ತ್ರದಲ್ಲಿ ಹಾರ್ವರ್ಡ್‌ವರೆಗೆ ಹೋಗಿ ಸಂಶೋಧನೆ ಮಾಡಿದವರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದವರು. ಗಿಡದ ಪಾಠವನ್ನು ನಗಿಸುತ್ತಾ, ಚಿತ್ರವನ್ನೂ ತಾವೇ ಬರೆದು, 'ಹಸುರು ಹೊನ್ನು' ಮಾಡಿದರು. 1978ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಾಟನಿ ಪೋರ್ಷನ್ನು ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಿ ನೋಡೋಣ. ಆದರೆ ಎಲ್ಲ ಮಕ್ಕಳೂ ಕಾರಂತರಲ್ಲ, ಸ್ವಾಮಿಯವರಲ್ಲ. ಉಳಿದವರಿಗೆ ಒಂದು ಅರ್ಜಿ ನಮೂನೆ ಬೇಕು, ಅದನ್ನು ಓದಿ ಹುಬ್ಬು ಗಂಟಿಕ್ಕುವ ಒಬ್ಬರು ಮೇಷ್ಟ್ರು ಬೇಕು.

ನಮ್ಮ ಹುಡುಗನಿಗೆ ಅಂಥವರು ಸಿಕ್ಕಿದ್ದರು. ಕಳೆದ ರಜೆಯಲ್ಲಿ ಮೈಸೂರಿಗೆ ಬಂದಾಗ ಅವನು ಒಂದು ಪುಟ್ಟ ರೆಕಾರ್ಡರ್ ಹಿಡಿದು ಮನೆಯೆಲ್ಲ ತಿರುಗಿದ. ಸೊಪ್ಪಿನವಳ ಕೂಗು, ಅಕ್ಕನ ಕುಕ್ಕರಿನ ಸೀಟಿ, ಎದುರುಮನೆಯವನ ಬುಲೆಟ್ಟು, ಬೀದಿ ಕೊನೆಯ ದೇವಸ್ಥಾನದ ಮೈಕು, ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನ ಗದ್ದಲ. ಅಕ್ಕ ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿಯುವುದನ್ನು ಹಿಡಿಯಲು ಬಾಣಲೆಗೆ ಮೈಕು ಬಾಗಿಸಿ ಮುಂಗೈ ಸುಟ್ಟುಕೊಂಡ. ಇದೆಲ್ಲವನ್ನೂ ಸೇರಿಸಿ ಅರ್ಜಿಯ ಮೊದಲ ಕರಡು ಬರೆದು ನನಗೂ ವಾಟ್ಸಾಪ್‌ನಲ್ಲಿ ಕಳಿಸಿದ್ದ. ಒಂದು ಡಜನ್ನಿಗೂ ಮೀರಿದ ಕೋರ್ಸುಗಳ ಪಟ್ಟಿ. ಬಲಗಡೆ ಅಂಚಿನಲ್ಲಿ ಅವನ ಪ್ರಾಧ್ಯಾಪಿಕೆಯ ಒಂದೇ ಸಾಲು: "ಸದ್ದು ಒಂದು ವಿಷಯ. ಅದರ ಬಗ್ಗೆ ನಿನ್ನ ಪ್ರಶ್ನೆ ಏನು?"

ಹುಡುಗ ಕಂಗಾಲಾದ. ಪ್ರಶ್ನೆಯೇ ಇರಲಿಲ್ಲ ಅವನ ಹತ್ತಿರ, ಬರೀ ಆಸೆ ಇತ್ತು. ವಿಡಿಯೋ ಕಾಲ್‌ನಲ್ಲಿ ಗಂಟೆಗಟ್ಟಲೆ ಗೊಣಗಿದ. ಆಕೆ ಕೆನಡಾದ ಮರ್ರಿ ಶೇಫರ್ ಎಂಬ ಸಂಗೀತಗಾರ ಊರು-ಕಾಡುಗಳ ಸದ್ದಿನ ಬಗ್ಗೆ 1977ರಲ್ಲಿ ಬರೆದ ಪುಸ್ತಕ ಕೊಟ್ಟರಂತೆ. ನಮ್ಮ ಸಿ.ವಿ. ರಾಮನ್ ಮೃದಂಗದ ಮೇಲೆ 1920ರಲ್ಲೇ ಬರೆದದ್ದನ್ನು ಓದು ಎಂದರಂತೆ. ಬಲಮುಚ್ಚಿಗೆಯ ಮೇಲೆ ಮೆತ್ತುವ ಆ ಕಪ್ಪು ಕರಣೆಯಿಂದಾಗಿ ಚರ್ಮದ ಕಂಪನಗಳು ಶ್ರುತಿಗೆ ಹೊಂದಿಕೊಳ್ಳುತ್ತವೆ, ಹಾಗಾಗಿ ಮೃದಂಗ ಬರೀ ಬಡಿತವಾಗದೆ ನಾದವಾಗುತ್ತದೆ ಎಂದು ರಾಮನ್ ತೋರಿಸಿದ್ದರು. ಆಮೇಲೆ ಅವನೇ ಹುಡುಕಿಕೊಂಡು ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಓದಿದ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. "ತಾತ, ಅಜ್ಜಿ ಕುಕ್ಕರ್ ಇದಕ್ಕಿಂತ ಜಾಸ್ತಿ ಇದೆ!" ಅಂದ. ಅಕ್ಕ, "ಯಾರಾದ್ರೂ ಹಿಡ್ಕೊಂಡು ಹೋಗೋದಾದ್ರೆ ಅಡುಗೆ ಮುಗಿದಮೇಲೆ ಬರಕ್ಕೆ ಹೇಳು" ಅಂದಳು.

ಹೀಗೆ ಗೊಣಗಿ ಗೊಣಗಿ ಒಂದು ರಾತ್ರಿ ಅವನಿಗೆ ಪ್ರಶ್ನೆ ಸಿಕ್ಕಿತು. ಒಂದು ಊರಿನಲ್ಲಿ ಯಾವ ಸದ್ದು ಸಂಗೀತ, ಯಾವುದು ಗಲಾಟೆ ಎಂದು ತೀರ್ಮಾನಿಸುವವರು ಯಾರು? ಪ್ರಶ್ನೆ ಸಿಕ್ಕಿದ್ದೇ ತಡ, ಪಟ್ಟಿ ತಾನಾಗಿ ಜರಡಿ ಹಿಡಿಯಿತು. ಸಿನಿಮಾ ಸೌಂಡ್ ಮಿಕ್ಸಿಂಗ್ ಕೋರ್ಸು, ಅವನಿಗೆ ಬಲು ಇಷ್ಟವಿದ್ದದ್ದು, ಹೋಯಿತು. ಕಷ್ಟ ಎಂದು ಮೊದಲೇ ಬಿಟ್ಟಿದ್ದ ಧ್ವನಿವಿಜ್ಞಾನ ಒಳಗೆ ಬಂತು. ನನ್ನ ಅಳುಕಿನ ಎರಡಿಂಚನ್ನು ಆ ಪ್ರಾಧ್ಯಾಪಿಕೆ ಹೊರಗಿನಿಂದ ಕೇಳಿದ ಒಂದೇ ಪ್ರಶ್ನೆಯಲ್ಲಿ ಬಿಡಿಸಿಟ್ಟಿದ್ದರು.

ಕೆಲಸ ಸಿಗುತ್ತಾ? ಈ ಪ್ರಶ್ನೆಯನ್ನು ನೆಂಟರಲ್ಲಿ ಕೇಳದವರಿಲ್ಲ. ಅಕ್ಕನ ಮಗಳೂ ಒಳಗೊಳಗೇ ಕೇಳಿಕೊಳ್ಳುತ್ತಾಳೆ, ಅದಕ್ಕೇ "ಜೊತೆಗೆ ಒಂದು ಕಂಪ್ಯೂಟರ್ ಸೈನ್ಸ್ ಮೈನರ್ ಇಟ್ಕೊಳೋ" ಎಂದು ಮಗನ ತಲೆ ತಿನ್ನುತ್ತಿರುತ್ತಾಳೆ. ಸಂದರ್ಶನದಲ್ಲಿ ಮೊದಲ ಹತ್ತು ನಿಮಿಷ ಡಿಗ್ರಿ ಏನೆಂದು ವಿವರಿಸುವುದಕ್ಕೇ ಹೋಗುತ್ತದೆ ಅನ್ನುವುದು ನಿಜವಿರಬಹುದು. ಆದರೆ ಆ ಹತ್ತು ನಿಮಿಷ ಅವನು ನಿರರ್ಗಳವಾಗಿ ಮಾತಾಡಬಲ್ಲ. ಎಚ್‌ಇಪಿ ಯಾಕೆ ಓದಿದಿರಿ ಎಂದು ನನ್ನ ಸಂದರ್ಶನದಲ್ಲಿ ಕೇಳಿದಾಗ ನಾನು ನೆರಳಿನ ವಿಷಯ ಹೇಳಲಾರದೆ, "ದೇಶಸೇವೆ" ಅಂದಿದ್ದೆ.

ಕೊನೆಗೆ ಸಮಿತಿ ಕೂತಿತು. ಹುಡುಗನನ್ನು ಒಂದು ಗಂಟೆ ಕೂರಿಸಿಕೊಂಡರು. ನಾವಿಲ್ಲಿ ಮಧ್ಯರಾತ್ರಿ ಎದ್ದು ಕೂತಿದ್ದೆವು. ಅಕ್ಕ ದೇವರಿಗೆ ದೀಪ ಹಚ್ಚಿದ್ದಳು. ಡಿಗ್ರಿ ಮಂಜೂರಾಯಿತು. ಒಂದೇ ಒಂದು ಷರತ್ತು: ಊರಿನವರ ಅಭಿಪ್ರಾಯ ಸಂಗ್ರಹಿಸಿ ಅಳೆಯುವ ಪ್ರಾಜೆಕ್ಟ್ ಇರುವುದರಿಂದ ಸಂಖ್ಯಾಶಾಸ್ತ್ರದ ಕೋರ್ಸು ಕಡ್ಡಾಯ. ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಎಂಜಿನಿಯರಿಂಗ್ ಬೇಡ ಅಂದಿದ್ದ ಹುಡುಗ ಅವನು. ಈಗ ಆ ಸೆಮಿಸ್ಟರ್ ನಡೆಯುತ್ತಿದೆ. ಮಿಕ್ಕೆಲ್ಲದರಲ್ಲೂ ಎ ಬಂದಿದೆಯಂತೆ. ಸಂಖ್ಯಾಶಾಸ್ತ್ರದ ಮೊದಲ ಟೆಸ್ಟಿನಲ್ಲಿ ಸಿ.